ಗೊಬ್ಬರದ ಮೂಟೆಯಿಂದ ಹೊರಡುವ ಕಿರಣ

ಸಭೆಯಲ್ಲಿ ಕೂತವರಲ್ಲಿ ತೋಟದವರೇ ಹೆಚ್ಚಾದ್ದರಿಂದ ಮಾತು ಗೊಬ್ಬರದ ಮೂಟೆಯಿಂದಲೇ ಆರಂಭವಾಗಲಿ.

ಮುಂಗಾರು ಹಿಡಿಯುವ ಮೊದಲು ಮೂಡಿಗೆರೆ, ಕಳಸ, ಆಲ್ದೂರು ಕಡೆಯ ತೋಟಗಳ ಗೋದಾಮಿಗೆ ಹೋದರೆ ಯೂರಿಯಾ, ರಾಕ್ ಫಾಸ್ಫೇಟ್‌ಗಳ ಪಕ್ಕದಲ್ಲಿ ಪೊಟ್ಯಾಷ್ ಮೂಟೆಗಳನ್ನು ಅಟ್ಟಿ ಹಾಕಿರುವುದು ಕಾಣುತ್ತದೆ. 50 ಕಿಲೋದ ಅಂಥ ಒಂದು ಮೂಟೆಯೊಳಗೆ ಪ್ರತಿ ಸೆಕೆಂಡಿಗೂ ಸುಮಾರು 7.5 ಲಕ್ಷ ಪರಮಾಣುಗಳು ಸಿಡಿಯುತ್ತಿರುತ್ತವೆ. ಸಿಡಿದ ಪ್ರತಿಯೊಂದೂ ಒಂದು ಕಿರಣವನ್ನು ಹೊರಗೆ ಕಳಿಸುತ್ತದೆ. ವಿಕಿರಣ ಅಳೆಯುವ ಗೈಗರ್ ಮಾಪಕವನ್ನು ಮೂಟೆಯ ಹತ್ತಿರ ಹಿಡಿದರೆ ಅದರ ಟಿಕ್ ಟಿಕ್ ಸದ್ದು ಜೋರಾಗುತ್ತದೆ. ಇದು ಗೊಬ್ಬರದ ಕಲಬೆರಕೆಯಲ್ಲ, ಕಂಪನಿಯ ಮೋಸವೂ ಅಲ್ಲ. ಪ್ರಕೃತಿಯಲ್ಲಿರುವ ಪೊಟ್ಯಾಷಿಯಂನ ಸುಮಾರು ಹತ್ತು ಸಾವಿರ ಪರಮಾಣುಗಳಲ್ಲಿ ಒಂದು ಪೊಟ್ಯಾಷಿಯಂ-40 ಎಂಬ ಜಾತಿಗೆ ಸೇರಿದ್ದು. ಅದು ವಿಕಿರಣಶೀಲ.

ಅದೇ ಪೊಟ್ಯಾಷಿಯಂ ಗಿಡಕ್ಕೆ ಹೋಗುತ್ತದೆ, ಗಿಡದಿಂದ ಹಣ್ಣಿಗೆ, ಬೀಜಕ್ಕೆ, ಕೊನೆಗೆ ಲೋಟಕ್ಕೆ. ಒಂದು ಲೋಟ ಕಾಫಿಯಲ್ಲಿ ನೂರು ಮಿಲಿಗ್ರಾಂನಷ್ಟು ಪೊಟ್ಯಾಷಿಯಂ ಇದ್ದರೆ ಅದರಲ್ಲಿ ಸೆಕೆಂಡಿಗೆ ಮೂರು ಪರಮಾಣುಗಳು ಸಿಡಿಯುತ್ತವೆ. ಅದನ್ನು ಕುಡಿಯುವ ಮನುಷ್ಯನ ಲೆಕ್ಕ ಇನ್ನೂ ದೊಡ್ಡದು. 70 ಕಿಲೋ ತೂಕದ ದೇಹದಲ್ಲಿ ಸುಮಾರು 140 ಗ್ರಾಂ ಪೊಟ್ಯಾಷಿಯಂ ಇರುತ್ತದೆ. ಅದೊಂದರಿಂದಲೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸಿಡಿತ. ವಿಕಿರಣವೇ ಇಲ್ಲದ ಮನುಷ್ಯ ಹುಟ್ಟಿಯೇ ಇಲ್ಲ.

ಹಾಗಾದರೆ ವಿಕಿರಣ ಎಂಬ ಮಾತು ಕೇಳಿದರೆ ಜನ ಬೆಚ್ಚುವುದು ಸುಮ್ಮನೆಯೇ? ಅಲ್ಲ. ಬೆಚ್ಚಬೇಕಾದ ಕಡೆ ಬೆಚ್ಚುವುದಿಲ್ಲ, ಬೆಚ್ಚಬೇಕಿಲ್ಲದ ಕಡೆ ಬೆಚ್ಚುತ್ತಾರೆ ಎಂಬುದೇ ತೊಡಕು. ವಿಕಿರಣ ಇದೆಯೋ ಇಲ್ಲವೋ ಎಂದು ಕೇಳುವುದಕ್ಕಿಂತ ಯಾವ ಕಿರಣ, ಎಷ್ಟು, ಮತ್ತು ಅದು ದೇಹದ ಹೊರಗಿದೆಯೋ ಒಳಗಿದೆಯೋ ಎಂದು ಕೇಳುವುದು ಲೇಸು.

ನ್ಯೂಕ್ಲಿಯಸ್ ಎಂಬುದಕ್ಕೆ ಕನ್ನಡದಲ್ಲಿ ಬೀಜ ಎಂಬ ಮಾತಿದೆ. ನ್ಯೂಕ್ಲಿಯರ್ ಎಂಬುದಕ್ಕೆ ಕೆಲವು ವಿಜ್ಞಾನ ಲೇಖಕರು ‘ಬೈಜಿಕ’ ಎಂದು ಬರೆದಿದ್ದಾರೆ. ಬಾಬಾಬುಡನ್ ಅವರು ತಂದ ಏಳು ಬೀಜದ ಕಥೆಯಿಂದ ಬಾಳು ಕಟ್ಟಿಕೊಂಡ ಸೀಮೆಗೆ ಈ ಪದ ಅರ್ಥವಾಗದೆ ಇರದು. ಪರಮಾಣುವಿನ ನಡುವೆ ಪ್ರೋಟಾನ್, ನ್ಯೂಟ್ರಾನ್‌ಗಳು ಒತ್ತಿಕೊಂಡಿರುವ ಗಟ್ಟಿ ಬೀಜ, ಸುತ್ತಲೂ ಎಲೆಕ್ಟ್ರಾನ್‌ಗಳು. ಬಹುಪಾಲು ಬೀಜಗಳು ಶಾಶ್ವತವಾಗಿ ಹಾಗೆಯೇ ಇರುತ್ತವೆ. ಕೆಲವಕ್ಕೆ ಮಾತ್ರ ಒಳಗಿನ ಲೆಕ್ಕ ಸರಿಹೊಂದಿರುವುದಿಲ್ಲ. ಅವು ಒಂದಲ್ಲ ಒಂದು ದಿನ ಏನನ್ನಾದರೂ ಹೊರಕ್ಕೆ ಎಸೆದು ಹಗುರಾಗುತ್ತವೆ. ಹಾಗೆ ಎಸೆದದ್ದೇ ವಿಕಿರಣ.

ಯಾವಾಗ ಎಸೆಯುತ್ತವೆ? ಹುರಿಯುವ ಬಾಣಲೆಯಲ್ಲಿ ಕಾಫಿಬೀಜ ಚಟಪಟ ಎನ್ನುವಾಗ ಮುಂದಿನ ಸದ್ದು ಯಾವ ಬೀಜದ್ದೆಂದು ಹೇಳಲಾಗದು. ಆದರೆ ಇಷ್ಟು ಹೊತ್ತಿಗೆ ಅರ್ಧ ಬೀಜ ಸಿಡಿದಿರುತ್ತವೆ ಎಂದು ಹುರಿಯುವವರಿಗೆ ಗೊತ್ತು. ಪರಮಾಣುವಿನದೂ ಹಾಗೆಯೇ. ಅರ್ಧದಷ್ಟು ಸಿಡಿಯಲು ಹಿಡಿಯುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ಪೊಟ್ಯಾಷಿಯಂ-40ರ ಅರ್ಧಾಯು 125 ಕೋಟಿ ವರ್ಷ. ರೇಡಾನ್ ಅನಿಲದ್ದು ನಾಲ್ಕು ದಿನಕ್ಕೂ ಕಡಿಮೆ. ಉರಿ ಹೆಚ್ಚಿಸಿದರೆ ಬಾಣಲೆಯ ಬೀಜ ಬೇಗ ಸಿಡಿಯುತ್ತದೆ, ಪರಮಾಣು ಬೀಜ ಮಾತ್ರ ಬೆಂಕಿಗೂ ಬಗ್ಗದು, ಮಂಜುಗಡ್ಡೆಗೂ ಬಗ್ಗದು. ಹೋಲಿಕೆ ಇಲ್ಲಿಗೆ ಮುಗಿಯಿತು.

ಬಾಬಾಬುಡನ್‌ಗಿರಿಯ ಹೆಸರು ಈ ವಿಷಯದಲ್ಲಿ ಇನ್ನೊಂದು ಕಾರಣಕ್ಕೂ ಬರುತ್ತದೆ. ಭೂವಿಜ್ಞಾನಿಗಳು ಬಾಬಾಬುಡನ್ ಶಿಲಾಸಮೂಹ ಎಂದು ಕರೆಯುವ ಕಲ್ಲುಗಳ ಬುಡದಲ್ಲಿ, ಬೆಣಚು ಗುಂಡುಗಳು ಬೆಸೆದುಕೊಂಡ ಒಂದು ಪದರವಿದೆ. 250 ಕೋಟಿ ವರ್ಷಗಳಿಗೂ ಹಿಂದೆ ಹೊಳೆಗಳು ತಂದು ಹಾಕಿದ ಜಲ್ಲಿ ಅದು. ಪಶ್ಚಿಮಘಟ್ಟದ ಕೆಲವೆಡೆ ಆ ಪದರದಲ್ಲಿ ಯುರೇನಿಯಂ ಖನಿಜ ಇರುವುದನ್ನು ಪತ್ತೆಹಚ್ಚಿದ್ದಾರೆ. ಇಂದಿನ ಗಾಳಿಯಲ್ಲಿರುವಷ್ಟು ಆಮ್ಲಜನಕ ಅಂದು ಇದ್ದಿದ್ದರೆ ಆ ಖನಿಜದ ಹರಳುಗಳು ಹೊಳೆಯ ನೀರಿನಲ್ಲಿ ಕರಗಿಹೋಗುತ್ತಿದ್ದವು. ಅವು ಉಳಿದಿವೆ ಎಂದರೆ ಅಂದಿನ ಗಾಳಿಯೇ ಬೇರೆ ಇತ್ತು ಎಂದು ಅರ್ಥ. ಯಾರೂ ಗಾಬರಿಯಾಗಬೇಕಿಲ್ಲ, ತೋಟದಲ್ಲಿ ಗಣಿ ತೆಗೆಯುವ ಮಾತಲ್ಲ ಇದು. ಲೋಕದ ಯಾವ ಊರಿನ ಸಾಮಾನ್ಯ ಮಣ್ಣಿನಲ್ಲೂ ಟನ್ನಿಗೆ ಎರಡು ಮೂರು ಗ್ರಾಂ ಯುರೇನಿಯಂ ಇದ್ದೇ ಇರುತ್ತದೆ.

ಈ ಕಿರಣಗಳು ಮನುಷ್ಯನ ಕಣ್ಣಿಗೆ ಬಿದ್ದದ್ದು ಮೋಡದ ದೆಸೆಯಿಂದ. 1896ರ ಫೆಬ್ರವರಿ ಕೊನೆಯ ವಾರ. ಪ್ಯಾರಿಸ್ಸಿನಲ್ಲಿ ಹೆನ್ರಿ ಬೆಕೆರೆಲ್ ಎಂಬ ವಿಜ್ಞಾನಿ ಯುರೇನಿಯಂ ಲವಣವನ್ನು ಬಿಸಿಲಿಗೆ ಇಟ್ಟರೆ ಅದು ಎಕ್ಸ್-ಕಿರಣದಂಥದ್ದನ್ನು ಸೂಸುತ್ತದೆಯೇ ಎಂದು ನೋಡಲು ಹೊರಟಿದ್ದ. ಬಿಸಿಲೇ ಬರಲಿಲ್ಲ. ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಫಲಕವನ್ನೂ ಅದರ ಮೇಲಿನ ಲವಣವನ್ನೂ ಮೇಜಿನ ಖಾನೆಗೆ ತಳ್ಳಿದ. ಕೆಲವು ದಿನ ಬಿಟ್ಟು ಫಲಕವನ್ನು ತೊಳೆದು ನೋಡಿದರೆ ಕತ್ತಲೆಯಲ್ಲೇ ಲವಣದ ಗುರುತು ಅಚ್ಚಾಗಿ ಮೂಡಿತ್ತು! ಯುರೇನಿಯಂಗೆ ಬಿಸಿಲಿನ ಹಂಗಿಲ್ಲ ಎಂದು ತಿಳಿದದ್ದು ಹಾಗೆ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯನನ್ನೇ ಕಾಣದ ಕಳಸದವರು ಈ ಕಥೆಯನ್ನು ಕೇಳಿ ನಗಬಹುದು. ಮೋಡದಿಂದ ಲಾಭ ಮಾಡಿಕೊಂಡವರು ಅಪರೂಪ.

ಮೂರು ವರ್ಷದ ನಂತರ ಕೆನಡಾದಲ್ಲಿದ್ದ ಅರ್ನೆಸ್ಟ್ ರುದರ್‌ಫೋರ್ಡ್, ಯುರೇನಿಯಂನಿಂದ ಬರುವುದು ಒಂದೇ ಬಗೆಯ ಕಿರಣವಲ್ಲ ಎಂದು ತೋರಿಸಿದ. ಬೇಗ ನಿಂತುಹೋಗುವುದಕ್ಕೆ ಆಲ್ಫಾ, ಮುಂದಕ್ಕೆ ತೂರಿಕೊಂಡು ಹೋಗುವುದಕ್ಕೆ ಬೀಟಾ ಎಂದು ಗ್ರೀಕ್ ಅಕ್ಷರಮಾಲೆಯ ಮೊದಲೆರಡು ಅಕ್ಷರ ಕೊಟ್ಟ. 1900ರಲ್ಲಿ ಫ್ರಾನ್ಸಿನ ಪಾಲ್ ವಿಲಾರ್ ಇನ್ನೂ ಆಳಕ್ಕೆ ನುಗ್ಗುವ ಮೂರನೆಯದನ್ನು ಕಂಡ. ಅದಕ್ಕೆ ಗಾಮಾ ಎಂಬ ಹೆಸರಾಯಿತು. ಅಯಸ್ಕಾಂತದ ನಡುವೆ ಹಾಯಿಸಿದರೆ ಆಲ್ಫಾ ಒಂದು ಕಡೆಗೆ ಬಾಗುತ್ತದೆ, ಬೀಟಾ ಅದರ ವಿರುದ್ಧ ದಿಕ್ಕಿಗೆ, ಗಾಮಾ ನೆಟ್ಟಗೆ ಹೋಗುತ್ತದೆ. ಒಂದಕ್ಕೆ ಧನ ವಿದ್ಯುತ್, ಇನ್ನೊಂದಕ್ಕೆ ಋಣ, ಮೂರನೆಯದಕ್ಕೆ ಎರಡೂ ಇಲ್ಲ.

ಆಲ್ಫಾ ಎಂದರೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗಂಟು. ಹೀಲಿಯಂ ಪರಮಾಣುವಿನ ಬೀಜವೂ ಅದೇ. ಈ ಲೋಕದಲ್ಲಿ ಇದು ಆನೆಯಂಥದ್ದು. ರಾತ್ರಿ ಕಾಡಾನೆ ನುಗ್ಗಿದ ತೋಟವನ್ನು ಬೆಳಿಗ್ಗೆ ನೋಡಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಹೋದ ದೂರ ಕಡಿಮೆ, ಮುರಿದ ಗಿಡ ವಿಪರೀತ. ರೇಡಾನ್‌ನಿಂದ ಹೊರಟ ಆಲ್ಫಾ ಗಾಳಿಯಲ್ಲಿ ನಾಲ್ಕು ಸೆಂಟಿಮೀಟರ್ ಹೋಗುವಷ್ಟರಲ್ಲಿ ಸುಸ್ತಾಗಿ ನಿಲ್ಲುತ್ತದೆ. ಅಷ್ಟರೊಳಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಬಾರಿ ಎದುರಿಗೆ ಸಿಕ್ಕ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕಿರುತ್ತದೆ. ಹೀಗೆ ಕೀಳುವುದಕ್ಕೇ ಅಯಾನೀಕರಣ ಎನ್ನುವುದು. ವಿಕಿರಣ ಮಾಡುವ ಹಾನಿಯೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಆರಂಭ. ಒಂದು ಹಾಳೆ ಕಾಗದ ಅಡ್ಡ ಹಿಡಿದರೆ ಆಲ್ಫಾ ದಾಟದು. ಚರ್ಮದ ಮೇಲಿರುವ ಸತ್ತ ಪದರವೇ ಅದಕ್ಕೆ ಗೋಡೆ. ಹೊರಗಿದ್ದಷ್ಟು ಹೊತ್ತು ಅದರಿಂದ ಭಯವಿಲ್ಲ.

ಒಳಗೆ ಹೋದರೆ? ಶ್ವಾಸಕೋಶದಲ್ಲಿ ಸತ್ತ ಚರ್ಮದ ಗೋಡೆ ಇಲ್ಲ. ಎದುರಿಗಿರುವುದು ಜೀವಂತ ಕೋಶ. ಅದೇ ಕೋಶಕ್ಕೆ ಬೀಟಾ ಅಥವಾ ಗಾಮಾ ಅಷ್ಟೇ ಶಕ್ತಿ ಸುರಿದರೆ ಆಗುವ ಹಾನಿಗಿಂತ ಆಲ್ಫಾದ್ದು 20 ಪಟ್ಟು ಎಂದು ಲೆಕ್ಕ ಹಿಡಿಯುತ್ತಾರೆ. 2006ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಲಿಟ್ವಿನೆಂಕೊ ಎಂಬ ರಷ್ಯದ ಮಾಜಿ ಗೂಢಚಾರನನ್ನು ಕೊಂದದ್ದು ಚಹಾದಲ್ಲಿ ಬೆರೆಸಿದ ಪೊಲೋನಿಯಂ-210. ಅದು ಸೂಸುವುದು ಆಲ್ಫಾ. ಅಂಥದ್ದನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ ಒಯ್ದರೆ ಸೀಸೆಯ ಗೋಡೆಯೇ ಸಾಕಷ್ಟು ರಕ್ಷಣೆ.

ಅದೇ ಪೊಲೋನಿಯಂ ಹೊಗೆಸೊಪ್ಪಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಮೊಬೈಲ್ ಟವರಿಗೆ ವಿರೋಧ ಮಾಡಿ ಪಂಚಾಯಿತಿಗೆ ಅರ್ಜಿ ಕೊಟ್ಟು ಹೊರಬಂದವರು ಬೀಡಿ ಹಚ್ಚುವ ದೃಶ್ಯ ಕಾಣದ ಊರಿಲ್ಲ. ಟವರಿನಿಂದ ಬರುವ ತರಂಗ ಯಾವ ಬೀಜದಿಂದಲೂ ಹೊರಟದ್ದಲ್ಲ, ಎಲೆಕ್ಟ್ರಾನ್ ಕೀಳುವ ತಾಕತ್ತೂ ಅದಕ್ಕಿಲ್ಲ. ಹೆಸರು ಮಾತ್ರ ಎರಡಕ್ಕೂ ವಿಕಿರಣ ಎಂದೇ. ಬೀಡಿಯ ಹೊಗೆಯಲ್ಲಿ ಆಲ್ಫಾ ನೇರವಾಗಿ ಎದೆಗೆ ಇಳಿಯುತ್ತದೆ.

ಆಲ್ಫಾದ ಇನ್ನೊಂದು ದಾರಿ ಮನೆಯ ನೆಲ. ಮಣ್ಣಿನಲ್ಲಿ, ಕಲ್ಲಿನಲ್ಲಿ ಇರುವ ಯುರೇನಿಯಂ ಹಂತ ಹಂತವಾಗಿ ಬದಲಾಗುತ್ತ ನಡುವೆ ರೇಡಾನ್ ಎಂಬ ಅನಿಲವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಮೇಲೆ ಬಂದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಅದು ಸಿಡಿದಾಗ ಉಳಿಯುವ ಕಣಗಳು ಧೂಳಿಗೆ ಅಂಟಿ ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ಲೋಕದ ಸರಾಸರಿಯಲ್ಲಿ ಮನುಷ್ಯನಿಗೆ ಪ್ರಕೃತಿಯಿಂದ ಸಿಗುವ ವಿಕಿರಣದಲ್ಲಿ ಹೆಚ್ಚುಕಡಿಮೆ ಅರ್ಧ ಈ ರೇಡಾನ್‌ನದೇ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮನೆಯ ಗಾಳಿಯಲ್ಲಿ ಘನ ಮೀಟರಿಗೆ 100 ಬೆಕೆರೆಲ್, ಅಂದರೆ ಸೆಕೆಂಡಿಗೆ ನೂರು ಸಿಡಿತ, ಮೀರದಿದ್ದರೆ ಒಳ್ಳೆಯದು ಎಂಬುದು ಅದರ ಸಲಹೆ.

ಹೆಂಚಿನ ಸಂದಿನಲ್ಲಿ ಗಾಳಿಯಾಡುತ್ತಿದ್ದ ಹಳೆಯ ಮಲೆನಾಡ ಮನೆಗಳಲ್ಲಿ ರೇಡಾನ್ ನಿಲ್ಲುವುದು ಕಷ್ಟವಿತ್ತು. ಈಗಿನ ತಾರಸಿ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಟಕಿ ಬಿಗಿದು, ಒಳಗೆ ಬೆಚ್ಚಗೆ ಕೂರುವುದು ರೂಢಿ. ಮಳೆ ಹೊಳವಾದ ಹೊತ್ತಿನಲ್ಲಿ ಕಿಟಕಿ ತೆರೆದರೆ ಖರ್ಚಿಲ್ಲದೆ ರೇಡಾನ್ ಹೊರಗೆ ಹೋಗುತ್ತದೆ.

ಇನ್ನು ಬೀಟಾ. ಬೀಜದೊಳಗಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಮಾರ್ಪಟ್ಟಾಗ ಎಲೆಕ್ಟ್ರಾನ್ ಒಂದು ಹುಟ್ಟಿ ಹೊರಕ್ಕೆ ಚಿಮ್ಮುತ್ತದೆ. ಆಲ್ಫಾಕ್ಕಿಂತ ಏಳು ಸಾವಿರ ಪಟ್ಟು ಹಗುರ, ಓಟ ಬೆಳಕಿನ ವೇಗದ ಹತ್ತಿರ. ಮರದಿಂದ ಮರಕ್ಕೆ ಹಾರುವ ಮಂಗನ ಹಾಗೆ ಅಂಕುಡೊಂಕಾಗಿ ಸಾಗುತ್ತದೆ. ಶಕ್ತಿ ಹೆಚ್ಚಿದ್ದರೆ ಗಾಳಿಯಲ್ಲಿ ಕೆಲವು ಮೀಟರ್ ಹೋಗಬಲ್ಲದು, ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅದನ್ನು ತಡೆಯುತ್ತದೆ. ಪೊಟ್ಯಾಷ್ ಮೂಟೆಯಲ್ಲಿ ಸಿಡಿಯುವ ಪರಮಾಣುಗಳಲ್ಲಿ ನೂರಕ್ಕೆ 89 ಕಳಿಸುವುದು ಬೀಟಾವನ್ನೇ. ಅದರಲ್ಲಿ ಹೆಚ್ಚಿನದು ಗೊಬ್ಬರದ ಹರಳುಗಳೊಳಗೇ ಹೂತುಹೋಗುತ್ತದೆ. ಚೀಲದ ಹೊರಗೆ ಮುಖ್ಯವಾಗಿ ಬರುವುದು ಉಳಿದ ಹನ್ನೊಂದರ ಗಾಮಾ.

ಬೀಟಾಗಳಲ್ಲಿ ಅತಿ ದುರ್ಬಲವಾದವುಗಳಲ್ಲಿ ಒಂದು ಟ್ರಿಟಿಯಂನದು. ಗಾಳಿಯಲ್ಲಿ ಅರ್ಧ ಸೆಂಟಿಮೀಟರಿನ ಆಸುಪಾಸಿಗೆ ಮುಗಿಯುತ್ತದೆ, ಚರ್ಮ ದಾಟದು. ಆದರೂ 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ 50ಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಟ್ರಿಟಿಯಂ ಮಿತಿಮೀರಿ ಕಂಡುಬಂದು ದೇಶವೆಲ್ಲ ಸುದ್ದಿಯಾಯಿತು. ರಿಯಾಕ್ಟರ್ ಸೋರಿರಲಿಲ್ಲ. ಟ್ರಿಟಿಯಂ ಬೆರೆತ ಭಾರಜಲವನ್ನು ಯಾರೋ ಕುಡಿಯುವ ನೀರಿನ ಕೂಲರಿಗೆ ಹಾಕಿದ್ದಾರೆ ಎಂದು ಅಧಿಕಾರಿಗಳು ಆಗ ತಿಳಿಸಿದರು. ಹೊರಗಿದ್ದರೆ ಚರ್ಮವನ್ನೂ ದಾಟಲಾರದ ಕಿರಣ ನೀರಿನ ವೇಷದಲ್ಲಿ ಮೈಯೆಲ್ಲ ಹರಡಿತು. ಚಿಕಿತ್ಸೆ ವಿಚಿತ್ರವೆನಿಸುವಷ್ಟು ಸರಳ: ಹೆಚ್ಚು ನೀರು ಕುಡಿಸಿ, ಮೂತ್ರ ಹೋಗುವ ಔಷಧ ಕೊಟ್ಟು ಹೊರಗೆ ಹಾಕಿಸುವುದು. ಟ್ರಿಟಿಯಂನ ಅರ್ಧಾಯು 12 ವರ್ಷವಾದರೂ ದೇಹದ ನೀರು ಬದಲಾಗುತ್ತಲೇ ಇರುವುದರಿಂದ ಸುಮಾರು ಹತ್ತು ದಿನಕ್ಕೆ ಅದರ ಅರ್ಧ ಹೊರಗೆ ಹೋಗುತ್ತದೆ.

ಕೈಗಾದ ವಿಷಯ ಬಂದಾಗ ಶಿವರಾಮ ಕಾರಂತರ ನೆನಪಾಗದಿರದು. ಕನ್ನಡಕ್ಕೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದುಕೊಟ್ಟವರೇ 1989ರಲ್ಲಿ ಕೈಗಾ ಬೇಡವೆಂದು ಲೋಕಸಭೆ ಚುನಾವಣೆಗೆ ನಿಂತರು, ಸೋತರು. ಅವರ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ವಿಜ್ಞಾನ ತಿಳಿಯದವರು ಮಾತ್ರ ಸ್ಥಾವರವನ್ನು ವಿರೋಧಿಸುತ್ತಾರೆ ಎಂಬ ಆಕ್ಷೇಪ ಅವರ ಮುಂದೆ ನಿಲ್ಲಲಿಲ್ಲ.

ಬೀಟಾದ ಜೊತೆಗೆ ಇನ್ನೊಂದು ಕಳ್ಳ ಕಣ ತಪ್ಪಿಸಿಕೊಂಡು ಹೋಗುತ್ತದೆ. ಸಿಡಿತದ ಶಕ್ತಿಯ ಲೆಕ್ಕ ಸರಿಬಾರದೆ ತಲೆಕೆಡಿಸಿಕೊಂಡ ಪೌಲಿ ಎಂಬ ವಿಜ್ಞಾನಿ 1930ರಲ್ಲಿ ಅದನ್ನು ಊಹಿಸಿದ. ನ್ಯೂಟ್ರಿನೋ ಎಂಬ ಆ ಜಾತಿಯ ಕಣ ಇಡೀ ಭೂಮಿಯನ್ನೇ ಏನೂ ಮುಟ್ಟದೆ ದಾಟಬಲ್ಲದು. ಗಾಳಿಯಲ್ಲಿ ಹುಟ್ಟುವ ಅಂಥ ನ್ಯೂಟ್ರಿನೋಗಳ ಗುರುತು 1965ರಲ್ಲಿ ಸಿಕ್ಕಿದ್ದು ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ. ಚಿನ್ನ ಮುಗಿದು ಗಣಿ ಮುಚ್ಚಿದರೂ ಭೌತವಿಜ್ಞಾನದ ಪುಸ್ತಕಗಳಲ್ಲಿ ಕೋಲಾರದ ಹೆಸರು ಅಳಿದಿಲ್ಲ.

ಮೂರನೆಯದು ಗಾಮಾ. ಇದು ಕಣವಲ್ಲ, ಬೆಳಕಿನ ಜಾತಿಯದೇ. ಶಕ್ತಿ ಮಾತ್ರ ಬೆಳಕಿಗಿಂತ ಲಕ್ಷಾಂತರ ಪಟ್ಟು ಹೆಚ್ಚು. ತೂಕವಿಲ್ಲ, ವಿದ್ಯುತ್ತಿಲ್ಲ. ದೇಹವನ್ನು ತೂರಿಕೊಂಡು ಆಚೆ ಹೋಗಬಲ್ಲದು. ಇದನ್ನು ಪೂರ್ತಿ ತಡೆಯುವ ಗೋಡೆ ಎಂಬುದಿಲ್ಲ, ಕಡಿಮೆ ಮಾಡುವ ಗೋಡೆಯಿದೆ. ಕಾಫಿ ತೋಟದ ನೆರಳು ಬಲ್ಲವರಿಗೆ ಈ ಲೆಕ್ಕ ಸುಲಭ. ಮೇಲಿನ ಕಾಡುಮರ ಬಿಸಿಲನ್ನು ಅರ್ಧ ಮಾಡುತ್ತದೆ, ಅದರ ಕೆಳಗಿನ ಹಾಲುವಾಣ ಉಳಿದದ್ದರಲ್ಲಿ ಅರ್ಧ ತಡೆಯುತ್ತದೆ. ಗಿಡಕ್ಕೆ ಒಂದಿಷ್ಟು ಬೆಳಕು ಬಿದ್ದೇ ಬೀಳುತ್ತದೆ. ಕೋಬಾಲ್ಟ್-60ರ ಗಾಮಾವನ್ನು ಅರ್ಧ ಮಾಡಲು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ದಪ್ಪದ ಸೀಸ ಬೇಕು, ಕಾಂಕ್ರೀಟಾದರೆ ಆರು ಸೆಂಟಿಮೀಟರ್. ಅಂಥ ಹತ್ತು ಪದರ ಪೇರಿಸಿದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ದೂರವೂ ಒಂದು ಗೋಡೆಯೇ: ಎರಡು ಪಟ್ಟು ದೂರ ನಿಂತರೆ ಬಾಧೆ ಕಾಲು ಭಾಗಕ್ಕೆ ಇಳಿಯುತ್ತದೆ.

ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಕರಿಮೆಣಸಿಗೂ ಗಾಮಾಕ್ಕೂ ನಂಟಿದೆ. ನವಿ ಮುಂಬಯಿಯ ವಾಶಿಯಲ್ಲಿ 2000ದಲ್ಲಿ ಆರಂಭವಾದ ಸರ್ಕಾರಿ ಘಟಕದಲ್ಲಿ ಸಾಂಬಾರ ಪದಾರ್ಥಗಳ ಮೇಲೆ ಕೋಬಾಲ್ಟಿನ ಗಾಮಾ ಹಾಯಿಸಿ ಬೂಷ್ಟು, ಹುಳು, ಬ್ಯಾಕ್ಟೀರಿಯಾ ಕೊಲ್ಲುತ್ತಾರೆ. ಹಾಗೆ ಮಾಡಿದ ಮೆಣಸು ವಿಕಿರಣಶೀಲವಾಗುವುದಿಲ್ಲ. ಕಿರಣ ಹಾದುಹೋಗುತ್ತದೆ, ಕೋಬಾಲ್ಟ್ ಅಲ್ಲೇ ಉಳಿಯುತ್ತದೆ. ಮೆಣಸಿಗೆ ಕಿರಣ ತಾಗುವುದೂ ಮೆಣಸಿಗೆ ಕೋಬಾಲ್ಟ್ ಪುಡಿ ಅಂಟುವುದೂ ಬೇರೆ ಬೇರೆ. ಎರಡನೆಯದು ಎಂದೂ ಆಗಕೂಡದು.

ಅದು ಆದ ಕಡೆ ಏನಾಯಿತೆಂಬುದಕ್ಕೆ ದಿಲ್ಲಿಯ ಮಾಯಾಪುರಿ ಸಾಕ್ಷಿ. ದಿಲ್ಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಯಂತ್ರವೊಂದು 2010ರಲ್ಲಿ ಹರಾಜಾಗಿ ಗುಜರಿ ಅಂಗಡಿ ಸೇರಿತು. ಕೆಲಸಗಾರರು ಸೀಸದ ಕವಚ ಬಿಚ್ಚಿದರು. ಒಳಗಿದ್ದ ಕೋಬಾಲ್ಟ್ ಕಡ್ಡಿಗಳ ಚೂರು ಕೈಯಿಂದ ಕೈಗೆ ಹೋಯಿತು. ಬಿಸಿಯಿಲ್ಲ, ವಾಸನೆಯಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹಳೆ ಕಬ್ಬಿಣ ಕೊಳ್ಳುವವರು, ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಹಳದಿ ನೆಲದ ಮೇಲೆ ಮೂರು ಎಸಳಿನ ಫ್ಯಾನಿನಂಥ ಗುರುತು ಇರುವ, ಗಾತ್ರಕ್ಕೆ ಮೀರಿದ ಭಾರದ ಪೆಟ್ಟಿಗೆ ಕಂಡರೆ ಸುತ್ತಿಗೆ ಎತ್ತದೆ, ದೂರ ಸರಿದು ಪೊಲೀಸರಿಗೆ ತಿಳಿಸುವುದೊಂದೇ ಮಾಡಬೇಕಾದ ಕೆಲಸ.

ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಎಂಬ ನಾಲ್ಕನೆಯ ಬಗೆಯೂ ಇದೆ. ಉಳಿದ ಮೂರಕ್ಕೆ ಸಾಮಾನ್ಯವಾಗಿ ಇಲ್ಲದ ಗುಣ ಅದಕ್ಕುಂಟು: ತಾಗಿದ ವಸ್ತುವನ್ನೇ ವಿಕಿರಣಶೀಲ ಮಾಡಬಲ್ಲದು. ಅದನ್ನು ತಡೆಯಲು ಸೀಸಕ್ಕಿಂತ ನೀರು, ಮೇಣ ವಾಸಿ. ಊರಮನೆಗಳಲ್ಲಿ ಅದರ ಸಹವಾಸ ಇಲ್ಲದ್ದರಿಂದ ಇಷ್ಟು ಸಾಕು.

ಇಷ್ಟೆಲ್ಲ ಹೇಳಬೇಕಾದದ್ದು ಒಂದು ಲೋಟದ ಕಾರಣಕ್ಕೆ.

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯಲು ಈ ಸೀಮೆಯವರು ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಜನರ ಬಾಯಲ್ಲಿ ಅದು ‘ಕರೆಂಟ್ ಕೊಡಿಸೋದು’. ವಾರಗಟ್ಟಲೆ ಕರೆಂಟ್ ಕೊಡಿಸಿಕೊಂಡು ಬಂದವರಿಗೆ ಕೆಲವು ಮನೆಗಳಲ್ಲಿ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಜಗಲಿಯಲ್ಲಿ. ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಮನೆಯವರು ಕೆಟ್ಟವರಲ್ಲ, ಹೆದರಿದವರು. ಕಾಯಿಲೆಯಿಂದ ಸೊರಗಿದವರಿಗೆ ಮಾತ್ರ ಈ ದೂರ ಕಾಯಿಲೆಗಿಂತ ಹೆಚ್ಚು ನೋವು ಕೊಡುತ್ತದೆ.

ಮೆಣಸಿಗೆ ಹೇಳಿದ ಲೆಕ್ಕವನ್ನೇ ಇಲ್ಲಿಗೂ ಹಚ್ಚಿ ನೋಡಿ. ಯಂತ್ರದೊಳಗಿನ ಕೋಬಾಲ್ಟಿನ ಗಾಮಾ ಇರಲಿ, ಈಗ ಹೆಚ್ಚು ಬಳಕೆಯಲ್ಲಿರುವ ಲಿನಾಕ್ ಯಂತ್ರದ ಎಕ್ಸ್-ಕಿರಣ ಇರಲಿ, ಗಡ್ಡೆಯ ಮೇಲೆ ಬೀಳುತ್ತದೆ, ಹಾದುಹೋಗುತ್ತದೆ, ಯಂತ್ರ ನಿಂತೊಡನೆ ಮುಗಿಯುತ್ತದೆ. ಟಾರ್ಚ್ ಆರಿಸಿದ ಮೇಲೆ ಮುಖದಲ್ಲಿ ಬೆಳಕು ಅಂಟಿಕೊಂಡಿರುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಮೂಲವನ್ನು ದೇಹದೊಳಗೆ ಸ್ವಲ್ಪ ಹೊತ್ತು ಇಟ್ಟು ಚಿಕಿತ್ಸೆ ಮಾಡುವುದುಂಟು. ಅದನ್ನು ಹೊರಗೆ ತೆಗೆದ ಮೇಲೆ ಅಲ್ಲೂ ಏನೂ ಉಳಿಯದು.

ಬೇರೆಯಾಗಿ ನೋಡಬೇಕಾದ ಒಂದು ಸಂದರ್ಭವಿದೆ. ಥೈರಾಯ್ಡ್ ತೊಂದರೆಗೆ ಅಯೋಡಿನ್-131 ನುಂಗಿಸುತ್ತಾರೆ. ಗಳಗಂಡ ಮಲೆನಾಡಿಗೆ ಹಳೆಯ ಪರಿಚಯವಾದ್ದರಿಂದ ಥೈರಾಯ್ಡ್ ಎಂಬ ಹೆಸರೂ ಇಲ್ಲಿಗೆ ಹೊಸದಲ್ಲ. ನುಂಗಿದ ಅಯೋಡಿನ್ ಗ್ರಂಥಿಗೆ ಹೋಗಿ ಕೂತು ಬೀಟಾ ಸೂಸುತ್ತದೆ. ಆ ಬೀಟಾ ಒಂದೆರಡು ಮಿಲಿಮೀಟರ್ ಹೋಗಿ ಕೆಟ್ಟ ಕೋಶಗಳನ್ನು ಸುಟ್ಟು ಅಲ್ಲೇ ನಿಲ್ಲುತ್ತದೆ. ಜೊತೆಗೆ ಹೊರಡುವ ಗಾಮಾ ಮಾತ್ರ ದೇಹದಿಂದ ಆಚೆ ಬರುತ್ತದೆ, ಬೆವರು ಮೂತ್ರಗಳಲ್ಲೂ ಅಯೋಡಿನ್ ಇರುತ್ತದೆ. ಅದರ ಅರ್ಧಾಯು ಎಂಟು ದಿನ. ಮೂತ್ರದಲ್ಲಿ ಹೋಗುವುದರಿಂದ ದೇಹದಿಂದ ಇನ್ನೂ ಬೇಗ ಕಡಿಮೆಯಾಗುತ್ತದೆ. ಅವರಿಗೆ ಕೆಲವು ದಿನ ಬೇರೆ ಹಾಸಿಗೆ, ಬೇರೆ ಪಾತ್ರೆ, ಮಕ್ಕಳು ಮತ್ತು ಬಸುರಿಯರಿಂದ ದೂರ, ಪಾಯಿಖಾನೆಗೆ ಎರಡು ಸಲ ನೀರು ಎಂದು ವೈದ್ಯರು ಚೀಟಿಯಲ್ಲೇ ಬರೆದು ಕೊಡುತ್ತಾರೆ. ಎಷ್ಟು ದಿನ ಎಂಬುದೂ ಅದರಲ್ಲಿರುತ್ತದೆ. ಆ ದಿನ ಕಳೆದ ಮೇಲೆ ಲೋಟ ಮತ್ತೆ ಎಲ್ಲರ ಲೋಟದ ಜೊತೆಗೆ.

ಯಂತ್ರದಡಿ ಕರೆಂಟ್ ಕೊಡಿಸಿಕೊಂಡು ಬಂದವರಿಗೆ ಅಂಥ ಚೀಟಿ ಇರುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದು ಬೆಳಿಗ್ಗೆ ಮೂಡಿಗೆರೆಯಲ್ಲಿ ಇಳಿದ ಅಜ್ಜಿ, ಅಂದೇ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮನೆಯವರ ಲೋಟದಲ್ಲೇ ಕಾಫಿ ಕುಡಿಯಬಹುದು.